ಒಡೆಯದೆ ಬಂದ ತುಂಡುಗಳು

ಜನವರಿ 11

ಪುಡಿ ಪಂಡಿತೆಗೆ ಭಾವನ ಆಶೀರ್ವಾದಗಳು.

ಈ ಸಲದ ಪೆಟ್ಟಿಗೆಯ ಮುಚ್ಚಳವನ್ನು ಸ್ವಲ್ಪ ಮರ್ಯಾದೆಯಿಂದ ತೆಗೆ. ಒಳಗಿರುವುದು ಬರೀ ಕಲ್ಲಿದ್ದಲಲ್ಲ. ನಿನ್ನ ಅಕ್ಕನ ಹಳೆಯ ಬೆಡ್‌ಶೀಟು, ನನ್ನ ಹರಿದ ಸ್ವೆಟರಿನ ಎರಡು ತೋಳು, ಜೊತೆಗೆ ನನ್ನ ಒಂದು ಇಡೀ ಭಾನುವಾರ. ಒಂದೊಂದು ತುಂಡನ್ನೂ ಸುತ್ತಿ, ಸಂದಿಗೆ ಬಟ್ಟೆ ತುರುಕಿ, ಅಲ್ಲಾಡಿಸಿ ನೋಡಿ, ಮತ್ತೆ ಬಿಚ್ಚಿ ಕಟ್ಟಿದ್ದೇನೆ. ನಿನ್ನ ಅಕ್ಕ ಬಾಗಿಲಲ್ಲಿ ನಿಂತು, "ನನ್ನ ಪಿಂಗಾಣಿ ತಟ್ಟೆಗಳನ್ನ ಒಂದು ದಿನಾನಾದ್ರೂ ಹೀಗೆ ಎತ್ತಿಟ್ಟಿದ್ದೀರಾ?" ಎಂದು ಕೇಳಿದಳು. ನಾನು ಇನ್ನೊಂದು ತುಂಡನ್ನು ಕೈಗೆತ್ತಿಕೊಂಡೆ. ಲಾರಿ ಡ್ರೈವರಿಗೂ ಹೇಳಿದ್ದೇನೆ, "ಹಿಂದೆ ಬಾಣಂತಿ ಮಲಗಿದ್ದಾಳೆ ಅಂದ್ಕೊಂಡು ಗಾಡಿ ಓಡಿಸಪ್ಪ" ಎಂದು.

ನೀನು ಫೋನು ಮಾಡಬಾರದೇ ಎಂದು ಬರೆದಿದ್ದೆ. ಈ ಕಣಿವೆಯಲ್ಲಿ ಫೋನು ಇರುವುದು ಗಣಿಯ ಆಫೀಸಿನಲ್ಲಿ ಮಾತ್ರ. ಅಲ್ಲಿ ಬಾಯಿ ತೆರೆದರೆ ಮ್ಯಾನೇಜರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಅದಕ್ಕಿಂತ ಪೆಟ್ಟಿಗೆಯ ಜೊತೆ ಕಾಗದವೇ ಮೇಲು.

ಈಗ ಗಣಿಯ ಅಳತೆಗಾರನ ಕೆಲಸದ ಮಾತು. ನಾವು ಕೆಳಗಿನ ಇದ್ದಲನ್ನೆಲ್ಲ ತೆಗೆಯುವುದಿಲ್ಲ, ನಿನಗೆ ಗೊತ್ತು. ಮೇಲಿನ ಬಂಡೆ ತಲೆಯ ಮೇಲೆ ಬೀಳದಂತೆ ಅಲ್ಲಲ್ಲಿ ಇದ್ದಲಿನದೇ ಕಂಬಗಳನ್ನು ಬಿಟ್ಟುಕೊಂಡು ಹೋಗುತ್ತೇವೆ. ಕಂಬ ದಪ್ಪವಾದಷ್ಟೂ ಕಂಪನಿಗೆ ನಷ್ಟ, ಸಪೂರವಾದಷ್ಟೂ ನಮಗೆ ಭಯ. ಎಷ್ಟು ದಪ್ಪ ಸಾಕು ಎಂದು ತೀರ್ಮಾನಿಸಲು ಮ್ಯಾನೇಜರು ನಿಮ್ಮ ಪ್ರಯೋಗಾಲಯದ ಅಂಕಿಗಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದಾರೆ. ಬೇಗ ಒಡೆದು ನೋಡಿ ಹೇಳು.

ನಿನ್ನ ಭಾವ

ಜನವರಿ 24

ಪ್ರೀತಿಯ ಭಾವನವರಿಗೆ,

ಪೆಟ್ಟಿಗೆ ಬಂತು. ಒಂದೇ ಒಂದು ತುಂಡೂ ಒಡೆದಿಲ್ಲ! ಬೇರೆ ಗಣಿಗಳಿಂದ ಬರುವ ಪೆಟ್ಟಿಗೆಗಳನ್ನು ನೀವು ನೋಡಬೇಕು. ಮುಚ್ಚಳ ತೆಗೆದರೆ ಅರ್ಧ ಪುಡಿ, ಅರ್ಧ ಹಳೆಯ ಪೇಪರು. ನಮ್ಮ ಪ್ರೊಫೆಸರು ನಿಮ್ಮ ಪೆಟ್ಟಿಗೆಯನ್ನು ಎಲ್ಲರನ್ನೂ ಕರೆದು ತೋರಿಸಿ, "ನೋಡಿ, ಸ್ಯಾಂಪಲ್ ಕಳಿಸೋದು ಅಂದ್ರೆ ಹೀಗೆ" ಎಂದರು. ಯಾರ ಭಾವ ಎಂದು ಹೇಳಿಕೊಳ್ಳಲು ನಾನು ಹಿಂದೆ ಮುಂದೆ ನೋಡಲಿಲ್ಲ ಬಿಡಿ.

ನನ್ನ ಟೇಬಲ್ಲು ಬದಲಾಯಿತು ಎಂದು ಬರೆದಿದ್ದೆನಲ್ಲ. ಮೊದಲು ನಾನಿದ್ದದ್ದು ಕಿಟಕಿಯ ಕಡೆಯ ಟೇಬಲ್ಲಿನಲ್ಲಿ, ಬಣ್ಣದ ಕಾರ್ಖಾನೆಯ ಕೊಳೆನೀರಿಗೆ ಇದ್ದಲ ಪುಡಿ ಹಾಕಿ ಅಲ್ಲಾಡಿಸುವ ಕೆಲಸ. ನೇರಳೆ ನೀರು ನೋಡುತ್ತಿದ್ದಂತೆ ತಿಳಿಯಾಗುತ್ತದೆ. ಅಕ್ಕ ಒಮ್ಮೆ, "ಇದ್ದಲು ವಿಷ ಕುಡಿಯುತ್ತಾ?" ಎಂದು ಕೇಳಿದ್ದಳು. ಕುಡಿಯುವುದಿಲ್ಲ. ಇದ್ದಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಓಣಿಗಳಿವೆ. ಆ ಓಣಿಗಳ ಗೋಡೆಗೆ ವಿಷ ಹೋಗಿ ಅಂಟಿಕೊಳ್ಳುತ್ತದೆ, ಅಷ್ಟೆ. ಬಣ್ಣವಾದರೆ ಬಣ್ಣ, ಗಾಳಿಯಾದರೆ ಗಾಳಿ, ತೇವವಾದರೆ ತೇವ. ಯಾರು ಬಂದರೂ ಜಾಗ ಕೊಡುವ ಸ್ವಭಾವ ಅದರದು.

ಈಗಿನ ಟೇಬಲ್ಲು ಪ್ರೆಸ್ ಯಂತ್ರದ ಪಕ್ಕ. ನಿಮ್ಮ ತುಂಡುಗಳನ್ನು ರೂಲುಕೋಲಿನಂತೆ ಉರುಟಾಗಿ ಕತ್ತರಿಸಿ, ಓವನ್ನಿನಲ್ಲಿ ಒಣಗಿಸಿ, ಯಂತ್ರದ ಎರಡು ಅಂಗೈಗಳ ನಡುವೆ ನಿಲ್ಲಿಸಿ ಒತ್ತುತ್ತೇನೆ. ಒತ್ತಡ ತೋರಿಸುವ ಮುಳ್ಳು ಮೇಲೇರುತ್ತ ಹೋಗುತ್ತದೆ, ಆಮೇಲೆ ಫಟ್ ಎಂದು ಒಂದು ಸದ್ದು. ನಿಮ್ಮ ಇದ್ದಲು ಒಡೆಯುವುದಕ್ಕೆ ಬಹಳ ಸತಾಯಿಸುತ್ತದೆ ಭಾವ. ನಮ್ಮ ಅಕ್ಕನ ಹಟದಷ್ಟೇ ಗಟ್ಟಿ. ಅಂಕಿ ವರದಿಯಲ್ಲಿದೆ. ಪ್ರೊಫೆಸರ ಸಹಿಯ ಕೆಳಗೆ ಮೊದಲ ಸಲ ನನ್ನ ಸಹಿಯೂ ಇದೆ, ನೋಡಿ.

ನಿಮ್ಮ ನಾದಿನಿ

ಫೆಬ್ರುವರಿ 8

ಪುಡಿ ಪಂಡಿತೆಗೆ,

ನಿನ್ನ ಸಹಿಯನ್ನು ನಿನ್ನ ಅಕ್ಕ ಮೂರು ಸಲ ನೋಡಿದಳು. ಮೊದಲಕ್ಷರ ನಿಮ್ಮಪ್ಪನ ಹಾಗೇ ಬರೆಯುತ್ತೀಯಂತೆ.

ಮ್ಯಾನೇಜರಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ಈಗ ನಡೆಯುತ್ತಿರುವ ವಿಭಾಗದಲ್ಲಿ ಕಂಬಗಳನ್ನು ಕೆತ್ತಿ ಸಪೂರ ಮಾಡಬಹುದು ಎಂದು ಅಪ್ಪಣೆಯಾಗಿದೆ. ಕೆಳಗಿನವರು ಸುಲಭಕ್ಕೆ ಒಪ್ಪಲಿಲ್ಲ. ಅದರಲ್ಲೂ ಗೊಣಗಣ್ಣ. ಚಾವಣಿಗೆ ಮರದ ಆಸರೆ ನಿಲ್ಲಿಸುವ ಮೇಸ್ತ್ರಿ ಅವನು, ಗೊಣಗದೆ ಒಂದು ಲೋಟ ನೀರನ್ನೂ ಕುಡಿಯುವವನಲ್ಲ, ಅದಕ್ಕೇ ಆ ಹೆಸರು. "ಮೇಲ್ಗಡೆ ಕುರ್ಚಿ ಮೇಲೆ ಕೂತೋರಿಗೆ ಕಂಬ ದಪ್ಪ ಕಾಣುತ್ತೆ, ಕೆಳಗೆ ನಿಂತೋನಿಗೆ ಕಾಣಲ್ಲ" ಎಂದು ಶುರು ಮಾಡಿದ. ಎಲ್ಲರೂ ಕೈಕಟ್ಟಿ ನಿಂತುಬಿಟ್ಟರು.

ಆಗ ನಾನು ಏನು ಹೇಳಿದೆ ಗೊತ್ತೇ? "ಈ ಅಂಕಿ ಯಾವನೋ ಗುರುತಿಲ್ಲದವನು ಕೊಟ್ಟಿದ್ದಲ್ಲ. ನನ್ನ ನಾದಿನಿ ಅಳೆದಿದ್ದು. ತನ್ನ ಅಕ್ಕನ ಗಂಡ ಇದರ ಕೆಳಗೆ ನಿಲ್ತಾನೆ ಅಂತ ಗೊತ್ತಿದ್ದೇ ಸಹಿ ಹಾಕಿದ್ದಾಳೆ."

ಅಷ್ಟೇ. ಗೊಣಗಣ್ಣ ತಲೆ ಕೆರೆದುಕೊಂಡು, "ಮನೆ ಹುಡುಗಿ ಅಂದ್ಮೇಲೆ ಸರಿ" ಎಂದ. ಮಾರನೆಯ ದಿನದಿಂದ ಕೆಲಸ ನಡೆದಿದೆ. ಈಗ ಇಳಿಯುವಾಗಲೆಲ್ಲ ಅವರದೊಂದು ತಮಾಷೆ, "ನಾದಿನಿ ಹೆಸರು ಹೇಳಿ ಇಳೀರಪ್ಪ" ಎಂದು. ನಿನಗೆ ಇಲ್ಲಿ ಎಷ್ಟು ಜನ ಅಭಿಮಾನಿಗಳು ನೋಡು.

ನಿನ್ನ ಭಾವ

ಫೆಬ್ರುವರಿ 20

ಭಾವ,

ನಿಮ್ಮ ಕಾಗದ ಓದಿ ಮೊದಲು ಖುಷಿಯಾಯಿತು. ಆಮೇಲೆ ಏಕೋ ಎದೆಯಲ್ಲಿ ಒಂದು ಮುಳ್ಳು. ಬರೆಯದೆ ಇರಲಾಗುತ್ತಿಲ್ಲ.

ಹೋದ ವಾರ ನಮ್ಮ ಓವನ್ ಕೆಟ್ಟಿತು. ಉಳಿದಿದ್ದ ನಿಮ್ಮ ಎರಡು ತುಂಡುಗಳನ್ನು ಯಾರೋ ನೀರಿನ ಬಕೆಟ್ಟಿನ ಮೇಲೆ ತಟ್ಟೆಯಿಟ್ಟು ಅದರಲ್ಲಿ ಮಡಗಿ ಹೋಗಿದ್ದರು. ನೀರು ಮುಟ್ಟಿರಲಿಲ್ಲ, ಬರೀ ತೇವ ಹಿಡಿದಿತ್ತು. ಸುಮ್ಮನೆ ಯಂತ್ರಕ್ಕೆ ಕೊಟ್ಟು ನೋಡಿದೆ. ಮುಳ್ಳು ಅರ್ಧಕ್ಕೂ ಏರಲಿಲ್ಲ, ಎರಡೂ ಬಿಸ್ಕತ್ತಿನಂತೆ ಉದುರಿದವು. ಪ್ರೊಫೆಸರಿಗೆ ತೋರಿಸಿದೆ. "ಒದ್ದೆ ತುಂಡು ಲೆಕ್ಕಕ್ಕಿಲ್ಲಮ್ಮ. ನಿಯಮ ಇರೋದು ಒಣಗಿಸಿದ ತುಂಡಿಗೆ" ಎಂದು ಅಡ್ಡಗೀಟು ಎಳೆದರು. ಅಂಟಿಕೊಂಡ ತೇವ ಸುಮ್ಮನೆ ಕೂರುವುದಿಲ್ಲ ಎಂದು ನನಗೆ ಹಳೆಯ ಟೇಬಲ್ಲಿನಿಂದಲೇ ಗೊತ್ತು. ಓಣಿಯ ಗೋಡೆಗಳನ್ನು ಒಳಗಿನಿಂದ ಉಬ್ಬಿಸುತ್ತದೆ, ಹಿಡಿತ ಸಡಿಲಿಸುತ್ತದೆ. ನಿಮ್ಮ ಕಂಬಗಳು ನನ್ನ ಓವನ್ನಿನಲ್ಲಿ ಇಲ್ಲವಲ್ಲ.

ಇನ್ನೊಂದು. ಬೇರೆ ಗಣಿಗಳ ಅಂಕಿಗಳು ಮೇಲೆ ಕೆಳಗೆ ಚೆಲ್ಲಾಪಿಲ್ಲಿ ಬಿದ್ದಿರುತ್ತವೆ. ನಿಮ್ಮವು ಮಾತ್ರ ಶಾಲೆಯ ಮಕ್ಕಳು ಸಾಲಾಗಿ ನಿಂತಂತೆ. ಅಷ್ಟೊಂದು ಶಿಸ್ತು ನೆಲದಡಿಯ ಇದ್ದಲಿಗೆ ಎಲ್ಲಿಂದ ಬರಬೇಕು? ನೀವು ತುಂಡುಗಳನ್ನು ಹೇಗೆ ತೆಗೆಯುತ್ತೀರಿ, ಯಾವುದನ್ನು ಪೆಟ್ಟಿಗೆಗೆ ಹಾಕುತ್ತೀರಿ, ಸ್ವಲ್ಪ ವಿವರವಾಗಿ ಬರೆಯುತ್ತೀರಾ?

ನಾದಿನಿ

ಮಾರ್ಚ್ 3

ಪುಡಿ ಪಂಡಿತೆಗೆ,

ಯಾರೋ ನಿನ್ನ ಕಿವಿ ಹಿಂಡಿದ್ದಾರೆ ಎಂದು ಅರ್ಥವಾಯಿತು. ನನ್ನ ಪ್ಯಾಕಿಂಗಿನಲ್ಲಿ ತಪ್ಪು ಹುಡುಕುತ್ತಿದ್ದಾರೆಯೇ? ಹಾಗಿದ್ದರೆ ಅವರಿಗೆ ಇದನ್ನು ಓದಿ ಹೇಳು.

ನಾನು ಎಲ್ಲವನ್ನೂ ಕಳಿಸುವವನಲ್ಲ. ಕೊಳವೆಯಿಂದ ಕೊರೆದು ಎಳೆಯುವಾಗ ಮುಕ್ಕಾಲು ಪಾಲು ಅಲ್ಲೇ ಮುರಿಯುತ್ತದೆ. ಕೆಲವು ಕೈಯಲ್ಲಿ ಹಿಡಿದರೇ ಉದುರುತ್ತವೆ. ಅವನ್ನೆಲ್ಲ ಶೆಡ್ಡಿನ ಹಿಂದೆ ಸುರಿಯುತ್ತೇನೆ; ಅಕ್ಕಪಕ್ಕದವರು ಒಲೆಗೆ ಒಯ್ಯುತ್ತಾರೆ. ಉಳಿದದ್ದರಲ್ಲಿ ಬಿರುಕಿಲ್ಲದ್ದು, ಹೊಳಪಿರುವುದು, ಬೆರಳಿನಿಂದ ತಟ್ಟಿದರೆ ಠಣ್ ಎನ್ನುವುದು, ಅಂಥದ್ದನ್ನು ಮಾತ್ರ ಆರಿಸುತ್ತೇನೆ. ನೀನು ಆ ಕೆಲಸಕ್ಕೆ ಹೊಸಬಳು. ಮೊದಲ ಪೆಟ್ಟಿಗೆಯಲ್ಲೇ ಪುಡಿ ಬಂದರೆ ನಾಲ್ಕು ಜನರ ಮುಂದೆ ನಿನ್ನ ಮುಖ ಏನಾಗಬೇಕು? ನಮ್ಮ ಮನೆಯ ಹುಡುಗಿಗೆ ಕಳಿಸುವಾಗ ಹುಳುಕು ಕಳಿಸಲು ನನಗೆ ಮನಸ್ಸಾದರೂ ಹೇಗೆ ಬರುತ್ತದೆ?

ತೇವದ ವಿಷಯ ಕೇಳಿದ್ದೆ. ಈ ವಿಭಾಗ ಹೆಚ್ಚು ಕಡಿಮೆ ಒಣಗಿದೆ. ನೀನು ಚಿಂತೆ ಬಿಟ್ಟು ಹೊಟ್ಟೆ ತುಂಬ ಊಟ ಮಾಡು. ನೀನು ಸೊರಗಿದ್ದೀಯ ಎಂದು ನಿನ್ನ ಅಕ್ಕ ಫೋಟೋ ನೋಡಿ ಗೋಳಾಡುತ್ತಿದ್ದಾಳೆ.

ನಿನ್ನ ಭಾವ

ಮಾರ್ಚ್ 7

ಭಾವ,

ಪೆಟ್ಟಿಗೆಯ ಲಾರಿಗೆ ಕಾಯದೆ ಅಂಚೆಗೆ ಹಾಕುತ್ತಿದ್ದೇನೆ. ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸಿ.

ಯಾರೂ ನನ್ನ ಕಿವಿ ಹಿಂಡಿಲ್ಲ. ಹಿಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ನೀವು ನನಗೆ ಕಳಿಸಿದ್ದು ಒಡೆಯದ ಇದ್ದಲು. ಒಡೆಯದ್ದನ್ನೇ ಆರಿಸಿ ಕಳಿಸಿದರೆ ನಾನು ಗಟ್ಟಿ ಎನ್ನದೆ ಇನ್ನೇನು ಬರೆಯಲಿ? ನಿಮ್ಮ ತಲೆಯ ಮೇಲಿನ ಬಂಡೆಯನ್ನು ಹೊತ್ತಿರುವುದು ಆ ಠಣ್ ಎನ್ನುವ ತುಂಡುಗಳಲ್ಲ. ಶೆಡ್ಡಿನ ಹಿಂದೆ ಸುರಿದಿರಲ್ಲ, ಆ ಇದ್ದಲು. ಕೈಯಲ್ಲಿ ಹಿಡಿದರೇ ಉದುರುವುದು. ನಾನು ಅದನ್ನು ಒಂದು ಸಲವೂ ನೋಡಿಲ್ಲ. ನೋಡದೆ ಅಂಕಿ ಕೊಟ್ಟಿದ್ದೇನೆ.

ನಿಮ್ಮ ಮೇಲೆ ಸಿಟ್ಟು ಬರುತ್ತದೆ, ಮರುಕ್ಷಣ ಅಳು ಬರುತ್ತದೆ. ನೀವು ನನ್ನ ಮರ್ಯಾದೆ ಉಳಿಸಲು ಮಾಡಿದ್ದು ಇದು. ಒಂದು ತುಂಡೂ ಒಡೆದಿಲ್ಲ ಎಂದು ಹಿಗ್ಗಿ ಬರೆದವಳು ನಾನು. ಅದನ್ನು ಓದಿ ನೀವು ಮುಂದಿನ ಸಲ ಇನ್ನಷ್ಟು ಆರಿಸುತ್ತಿದ್ದಿರಿ.

ಕಂಬ ಕೆತ್ತುವುದನ್ನು ನಿಲ್ಲಿಸಿ. ಮ್ಯಾನೇಜರಿಗೆ ಹೇಳಿ. ನಾನು ಇಲ್ಲಿ ಪ್ರೊಫೆಸರ ಹತ್ತಿರ ಹೋಗುತ್ತೇನೆ. ನೀವು ಕೆಳಗೆ ಇಳಿಯಬೇಡಿ. ದಯವಿಟ್ಟು.

ನಾದಿನಿ

ಮಾರ್ಚ್ 16

ಮಗಳೇ,

ನಿನ್ನ ಕಾಗದವನ್ನು ಶೆಡ್ಡಿನ ಹಿಂದೆ ನಿಂತು ಓದಿದೆ. ಓದುತ್ತ ಓದುತ್ತ ಆ ಗುಡ್ಡೆಯ ಕಡೆ ನೋಡಿದೆ. ಇಷ್ಟು ವರ್ಷ ಅಳತೆ ಹಿಡಿದವನಿಗೆ ಇಷ್ಟು ಹೊಳೆಯಲಿಲ್ಲವಲ್ಲ.

ಅವತ್ತೇ ಮ್ಯಾನೇಜರ ಹತ್ತಿರ ಹೋದೆ. ಅವರು ಕೆಟ್ಟವರಲ್ಲ, ಕೂರಿಸಿ ಕೇಳಿಸಿಕೊಂಡರು. "ಹಾಗಾದ್ರೆ ಸರಿಯಾದ ಅಂಕಿ ಎಷ್ಟು?" ಎಂದರು. ಗೊತ್ತಿಲ್ಲ ಎಂದೆ. "ಇರೋ ಅಂಕಿ ತೆಗೆದುಹಾಕಬೇಕು ಅಂದ್ರೆ ಅದರ ಜಾಗಕ್ಕೆ ಇನ್ನೊಂದು ಅಂಕಿ ಬೇಕಲ್ಲಪ್ಪ" ಎಂದರು. ಅವರ ಮೇಲಿನವರು ಅವರನ್ನು ಅದನ್ನೇ ಕೇಳುತ್ತಾರಂತೆ. ಕೆಲಸ ನಿಲ್ಲಿಸಲಿಲ್ಲ.

ಅದಕ್ಕೇ ಇದರ ಜೊತೆ ಗುಡ್ಡೆಯಿಂದ ಎರಡು ಚೀಲ ತುಂಬಿ ಕಳಿಸಿದ್ದೇನೆ. ಈ ಸಲ ಏನನ್ನೂ ಆರಿಸಿಲ್ಲ, ಸಲಿಕೆಯಿಂದ ಎತ್ತಿ ಹಾಕಿದ್ದು. ಇದನ್ನು ಅಳೆದು ಒಂದು ಅಂಕಿ ಕೊಡು. ಎಷ್ಟಾದರೂ ಸರಿ, ಒಂದು ಅಂಕಿ. ಅದನ್ನು ಹಿಡಿದುಕೊಂಡು ನಾನು ಯಾರ ಬಾಗಿಲನ್ನಾದರೂ ತಟ್ಟುತ್ತೇನೆ.

ನಾನು ಇಳಿಯುತ್ತಿದ್ದೇನೆ. ಅವರನ್ನೆಲ್ಲ ನಿನ್ನ ಹೆಸರು ಹೇಳಿ ಇಳಿಸಿ ನಾನು ಮೇಲೆ ಕೂರಲು ಆಗುವುದಿಲ್ಲ. ಅಕ್ಕನಿಗೆ ಬರೆಯಬೇಡ.

ಭಾವ

ಮಾರ್ಚ್ 30

ಭಾವ,

ಏನು ಮಾಡಿದರೂ ಆಗುತ್ತಿಲ್ಲ. ಇದನ್ನು ಬರೆಯುವುದಕ್ಕಿಂತ ಬರೆಯದೆ ಇರುವುದು ಸುಲಭವಿತ್ತು.

ಪ್ರೊಫೆಸರು ನನ್ನ ಮಾತನ್ನು ಒಪ್ಪಿದರು. ಅದೇ ದೊಡ್ಡ ಕಷ್ಟ. ಅವರು ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ. "ನೀನು ಹೇಳೋದು ನಿಜಾನೇ ಇರಬಹುದು. ಆದ್ರೆ ತುಂಡು ಉರುಟಾಗಿರಬೇಕು, ಎತ್ತರ ಅಗಲದ ಎರಡರಷ್ಟಿರಬೇಕು, ಎರಡೂ ತುದಿ ಸಪಾಟಾಗಿರಬೇಕು. ಅಂಥದ್ದು ಒಂದು ಮಾಡಿ ತಾ, ಒತ್ತೋಣ" ಎಂದರು.

ಮಾಡಲು ಹೋದೆ. ಗರಗಸ ತಾಗಿದರೆ ಉದುರುತ್ತದೆ. ಕೈಯಿಂದ ಉಜ್ಜಿದರೆ ಉದುರುತ್ತದೆ. ಹಿಮಗಟ್ಟಿಸಿ ಕತ್ತರಿಸಿದೆ; ನಿಂತಿತು, ಕರಗಿದ ಮೇಲೆ ತಟ್ಟೆಯಲ್ಲಿ ಕಪ್ಪು ಕೆಸರು. ಕೊನೆಗೆ ಪ್ಲಾಸ್ಟರಿನಲ್ಲಿ ಹೂತು ಉರುಟು ಮಾಡಿ ಯಂತ್ರಕ್ಕೆ ಕೊಟ್ಟೆ. ಒಳ್ಳೆಯ ಅಂಕಿ ಬಂತು. ನಾನು ಅಳೆದದ್ದು ಪ್ಲಾಸ್ಟರನ್ನು ಎಂದು ತಿಳಿಯಲು ಪ್ರೊಫೆಸರು ಬೇಕಾಗಲಿಲ್ಲ.

ನಮ್ಮ ಯಂತ್ರಕ್ಕೆ ಗಟ್ಟಿ ಇರುವುದನ್ನು ಮಾತ್ರ ಅಳೆಯಲು ಬರುತ್ತದೆ ಭಾವ. ನಿಲ್ಲಲೂ ಆಗದ್ದನ್ನು ಅದು ನೋಡುವುದೇ ಇಲ್ಲ. ನಿಮ್ಮ ಎರಡು ಚೀಲಗಳ ಮೇಲೆ ಇವತ್ತು ಚೀಟಿ ಅಂಟಿಸಿದರು, 'ಪರೀಕ್ಷೆಗೆ ಯೋಗ್ಯವಲ್ಲ' ಎಂದು. ಕೆಳಗೆ ಸಹಿ ಹಾಕಬೇಕಿದ್ದವಳು ನಾನೇ. ಹಾಕಿದೆ, ಏಕೆಂದರೆ ಅದೂ ನಿಜ.

ಅಂಕಿ ಇಲ್ಲ. ಕ್ಷಮಿಸಿ ಎಂದು ಬರೆಯಲೂ ನಾಚಿಕೆಯಾಗುತ್ತದೆ.

ನಾದಿನಿ

ಏಪ್ರಿಲ್ 14

ಮಗಳೇ,

ನನ್ನ ವಿಳಾಸ ಅದೇ, ಆದರೆ ಕೆಲಸ ಬದಲಾಗಿದೆ. ಈಗ ನಾನು ಸ್ಟೋರಿನಲ್ಲಿದ್ದೇನೆ. ಹೆಲ್ಮೆಟ್ಟು, ಗಮ್‌ಬೂಟು, ಕೈಗವಸು ಹಂಚುವ ಕೆಲಸ. ಬಲಗಾಲಿನ ಬೂಟು ಮಾತ್ರ ಏಕೆ ಬೇಗ ಸವೆಯುತ್ತದೆ ಎನ್ನುವುದರ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ನೀನು ಬೇಕಾದರೆ ಸೇರಿಕೋ.

ನಡೆದದ್ದು ಇಷ್ಟು. ಅಂಕಿ ಇಲ್ಲದಿದ್ದರೆ ಸ್ಯಾಂಪಲ್ಲೇ ತಪ್ಪು ಎಂದು ಬರೆದುಕೊಟ್ಟರೆ ಸಾಕು ಎಂದು ಯಾರೋ ಆಫೀಸಿನಲ್ಲಿ ಹೇಳಿದರು. ಬರೆದುಕೊಟ್ಟೆ. ಒಳ್ಳೆಯ ತುಂಡುಗಳನ್ನು ಬೇಕೆಂದೇ ಆರಿಸಿ ಕಳಿಸಿದವನು ನಾನು ಎಂದು ಸಹಿ ಹಾಕಿದೆ. ಓದಿದವರು ಎರಡು ತೀರ್ಮಾನ ಮಾಡಿದರು. ಒಂದು, ಇಂಥವನ ಕೈಯಲ್ಲಿ ಅಳತೆಯ ಕೆಲಸ ಇರಬಾರದು. ಎರಡು, ಇಂಥವನ ಮಾತು ನಂಬಿ ಗಣಿ ನಿಲ್ಲಿಸಬಾರದು. ಎರಡೂ ನ್ಯಾಯವಾಗೇ ಕಾಣುತ್ತವೆ, ಅಲ್ಲವೇ?

ಆಮೇಲೆ ಕೆಲಸದವರಿಗೇ ಹೇಳಿದೆ. ಬೂಟು ಕೊಡುವಾಗ ಒಬ್ಬೊಬ್ಬರಿಗೂ ಹೇಳಿದೆ. ಗೊಣಗಣ್ಣ ನನ್ನ ಭುಜ ತಟ್ಟಿ, "ಸಾರ್, ಆಫೀಸಿನ ಮೇಲೆ ನಿಮಗೆ ಸಿಟ್ಟಿರೋದು ನಮಗೆ ಗೊತ್ತು. ಅದಕ್ಕೆ ನಾದಿನಿ ಲೆಕ್ಕ ಯಾಕೆ ಸುಳ್ಳು ಮಾಡ್ತೀರಿ?" ಎಂದ. ಗೊಣಗುವವನು ಗೊಣಗುವುದನ್ನೇ ಬಿಟ್ಟಿದ್ದಾನೆ. ನಾನೇ ಬಿಡಿಸಿದ್ದು.

ನಿನ್ನ ಅಕ್ಕ ಮಾತ್ರ ಅಡಿಗೆ ಮಾಡುತ್ತ ಹಾಡು ಗುನುಗುತ್ತಾಳೆ. ನಾನು ಮೇಲಿದ್ದೇನೆ, ನನಗೇನೂ ಆಗುವುದಿಲ್ಲ. ನನಗೆ ತಡೆಯಲಾಗದೆ ಇರುವುದೇ ಅದು.

ಭಾವ

ಮೇ 4

ಭಾವ,

ನಿಮ್ಮ ಮನೆಯಲ್ಲಿ ಎರಡು ದಿನ ಇದ್ದು ಬಂದರೂ ಹೇಳಲಾಗದ್ದನ್ನು ಇಲ್ಲಿಗೆ ಬಂದು ಬರೆಯುತ್ತಿದ್ದೇನೆ. ಎದುರಿಗೆ ಕೂತಾಗ ಅಕ್ಕನೂ ಇದ್ದಳು, ನೀವೂ ನನ್ನ ಮುಖ ನೋಡುತ್ತಿರಲಿಲ್ಲ.

ನಿಮ್ಮ ಮ್ಯಾನೇಜರು ಟೀ ತರಿಸಿಕೊಟ್ಟರು. ವರದಿ ತೆಗೆದು ಮೇಜಿನ ಮೇಲಿಟ್ಟು, "ಇದು ನಿಮ್ಮದೇ ಸಹಿ ತಾನೇ ಅಮ್ಮ?" ಎಂದರು. ಹೌದು ಎಂದೆ. "ಇದಕ್ಕೆ ಬದಲು ಏನಾದ್ರೂ ತಂದಿದ್ದೀರಾ?" ಇಲ್ಲ. "ಮತ್ತೆ ಏನು ಹೇಳೋಕೆ ಇಷ್ಟು ದೂರ ಬಂದ್ರಿ?" ಹೆದರಿಕೆಯಾಗುತ್ತಿದೆ ಎಂದೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ನನಗೂ ಆಗುತ್ತಮ್ಮ. ಆದ್ರೆ ಈ ಫಾರಮ್ಮಿನಲ್ಲಿ ಅದನ್ನ ಬರೆಯೋಕೆ ಜಾಗ ಇಲ್ಲ" ಎಂದರು. ನನಗೆ ಅವರನ್ನು ದ್ವೇಷಿಸಲೂ ಆಗಲಿಲ್ಲ.

ಹೊರಗೆ ಬಂದಾಗ ಶಿಫ್ಟಿನವರು ದೀಪ ಕಟ್ಟಿಕೊಳ್ಳುತ್ತಿದ್ದರು. ನಾನು ಯಾರೆಂದು ಒಬ್ಬ ಹೇಳಿದ. ಎಲ್ಲರೂ ಎದ್ದು ನಿಂತರು ಭಾವ, ಎದ್ದು ನಿಂತರು! ಗೊಣಗಣ್ಣ ಹತ್ತಿರ ಬಂದು ಕೈಮುಗಿದ. "ಇದ್ದಲು ಗಟ್ಟಿ ಇಲ್ಲ, ನನ್ನ ಲೆಕ್ಕ ತಪ್ಪು" ಎಂದೆ. ನನ್ನ ಸ್ವರ ನನಗೇ ಕೇಳಿಸಲಿಲ್ಲ. ಮತ್ತೆ ಜೋರಾಗಿ ಹೇಳಿದೆ. ಅವನು ಸಮಾಧಾನ ಮಾಡುವವನಂತೆ, "ಭಾವನ ಕೆಲಸ ವಾಪಸ್ಸು ಕೊಡಿಸೋಕೆ ಹೇಳ್ತಿದ್ದೀಯಮ್ಮ, ತಿಳಿಯುತ್ತೆ. ನಿನ್ನಂಥ ನಾದಿನಿ ಎಲ್ಲರಿಗೂ ಸಿಗಲಿ" ಎಂದ. ಆಮೇಲೆ ಅವರೆಲ್ಲ ಇಳಿದುಹೋದರು. ನಾನು ನೋಡುತ್ತ ನಿಂತಿದ್ದೆ. ಕೂಗಿಕೊಳ್ಳಬೇಕಿತ್ತು, ಅಡ್ಡ ಮಲಗಬೇಕಿತ್ತು. ನಿಂತಿದ್ದೆ ಅಷ್ಟೆ.

ಬಸ್ಸಿಗೆ ಬಿಡಲು ಬಂದ ಅಕ್ಕ ನನ್ನ ಕೈ ಹಿಡಿದು, "ಅವರನ್ನ ವಾಪಸ್ಸು ಕೆಳಗೆ ಕಳಿಸೋ ಹಾಗೆ ಏನೂ ಮಾಡ್ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ" ಎಂದಳು. ಆಯಿತು ಎಂದೆ. ಬೇರೆಯವರ ಗಂಡಂದಿರ ಬಗ್ಗೆ ಅವಳು ಕೇಳಲಿಲ್ಲ, ನಾನೂ ಎತ್ತಲಿಲ್ಲ.

ನಾದಿನಿ

ಜೂನ್ 2

ನಮ್ಮ ಪುಡಿ ಪಂಡಿತೆಗೆ ಭಾವನ ನೂರು ನಮಸ್ಕಾರ!

ಮೊದಲು ಕೂತುಕೋ. ಆ ವಿಭಾಗ ಮುಗಿಯಿತು. ಕೊನೆಯ ಬಂಡಿ ಹೊರಗೆ ಬಂತು, ಕೊನೆಯ ಮನುಷ್ಯನೂ ಹೊರಗೆ ಬಂದ. ಒಂದು ಕಂಬವೂ ಮಿಸುಕಲಿಲ್ಲ. ಗೊಣಗಣ್ಣ ನನ್ನನ್ನು ಎತ್ತಿಕೊಂಡು ಸ್ಟೋರಿನ ಸುತ್ತ ಒಂದು ಸುತ್ತು ಹಾಕಿದ. ನನ್ನ ಸೊಂಟ ಇನ್ನೂ ನೋಯುತ್ತಿದೆ.

ಮ್ಯಾನೇಜರು ನನ್ನನ್ನು ಕರೆಸಿ, "ಆರಿಸಿ ಕಳಿಸಿದ್ದೋ ಆರಿಸದೆ ಕಳಿಸಿದ್ದೋ, ಕಂಬವಂತೂ ನಿಂತಿತಲ್ಲಪ್ಪ" ಎಂದು ನನ್ನ ಹಳೆಯ ಕೆಲಸ ವಾಪಸ್ಸು ಕೊಟ್ಟರು. ಸ್ಟೋರಿನಲ್ಲಿ ಕೂತು ಇಷ್ಟು ದಿನ ನಾನು ಎಷ್ಟು ಸೊರಗಿದ್ದೆ ಎಂದು ಈಗ ಗೊತ್ತಾಗುತ್ತಿದೆ. ಎಲ್ಲರೂ ನನ್ನನ್ನು ಪುಕ್ಕಲ ಎಂದು ನೋಡುತ್ತಿದ್ದರು. ಒಂದೊಂದು ಶಿಫ್ಟು ಇಳಿದಾಗಲೂ ಜೀವ ಬಾಯಿಗೆ ಬರುತ್ತಿತ್ತು. ಅದೆಲ್ಲ ಮುಗಿಯಿತು.

ನೀನು ನಮ್ಮನ್ನು ಸುಮ್ಮನೆ ಹೆದರಿಸಿದೆ ಎಂದು ನಾನು ಹೇಳುವುದಿಲ್ಲ. ಓದಿದವರಿಗೆ ಹೆದರಿಕೆ ಜಾಸ್ತಿ, ಅದು ಒಳ್ಳೆಯದೇ. ಆದರೆ ನಿನ್ನ ಮೊದಲ ಲೆಕ್ಕವೇ ಸರಿಯಿತ್ತು ಎಂದು ಒಪ್ಪಿಕೊಳ್ಳುವುದಕ್ಕೂ ಧೈರ್ಯ ಬೇಕು, ಅಲ್ಲವೇ? ಮುಂದಿನ ವಿಭಾಗ ಇನ್ನೂ ಕೆಳಗೆ, ಹಳ್ಳದ ಅಡಿಗೆ. ಅಲ್ಲಿಯೂ ಕಂಬದ ಅಳತೆ ಇದೇ ಎಂದು ತೀರ್ಮಾನವಾಗಿದೆ. ಹೊಸ ವರದಿಗೆ ನಿಮ್ಮ ಪ್ರಯೋಗಾಲಯವೇ ಬೇಕು ಎಂದು ಮ್ಯಾನೇಜರು ಹಟ ಹಿಡಿದಿದ್ದಾರೆ.

ನಿನ್ನ ಅಕ್ಕ ಮಾತ್ರ ಅಡಿಗೆ ಮಾಡುವಾಗ ಹಾಡುವುದನ್ನು ಬಿಟ್ಟಿದ್ದಾಳೆ. ಸರಿಹೋಗುತ್ತಾಳೆ.

ನಿನ್ನ ಭಾವ

ಜೂನ್ 9

ಭಾವ,

ಎಲ್ಲರೂ ಹೊರಗೆ ಬಂದರು ಎಂದು ಓದಿ ನೆಲದ ಮೇಲೆ ಕೂತುಬಿಟ್ಟೆ, ಅತ್ತುಬಿಟ್ಟೆ. ಮುಂದಿನ ಪುಟ ಓದಿದ ಮೇಲೆ ಆ ಅಳುವೂ ನಿಂತುಹೋಯಿತು. ಇದು ಉದ್ದದ ಕಾಗದ, ಪೂರ್ತಿ ಓದಿ. ಅರ್ಧಕ್ಕೆ ಮಡಚಬೇಡಿ.

ಕಂಬ ಬೀಳಲಿಲ್ಲ ಎನ್ನುವುದನ್ನು ಕಂಬ ಗಟ್ಟಿಯಿತ್ತು ಎಂದು ಓದಬೇಡಿ. ಆ ಜಾಗ ಒಣಗಿತ್ತು, ನೀವೇ ಬರೆದಿದ್ದಿರಿ. ಕೆಲಸ ಬೇಗ ಮುಗಿಯಿತು. ಕಂಬಕ್ಕೆ ಸೋಲಲು ಪುರುಸೊತ್ತಾಗಲಿಲ್ಲ, ಅಷ್ಟೇ ಇರಬಹುದು. ಏಕೆ ನಿಂತಿತು ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೇ ನನ್ನ ಹತ್ತಿರ ಇರುವ ಒಂದೇ ನಿಜ, ಅದನ್ನು ಯಾರೂ ತೆಗೆದುಕೊಳ್ಳುತ್ತಿಲ್ಲ.

ಹಳ್ಳದ ಅಡಿ ಎಂದು ಬರೆದಿದ್ದೀರಿ. ಅಲ್ಲಿ ನೀರು ಸುರಿಯಬೇಕಾಗಿಲ್ಲ. ತೇವ ಸಾಕು. ತೇವ ಒಳಗಿನ ಓಣಿಗಳಿಗೆಲ್ಲ ಹೋಗಿ ಅಂಟಿಕೊಂಡು ಕೂರುತ್ತದೆ, ಹೊರಗಿನಿಂದ ಇದ್ದಲು ಹಾಗೇ ಹೊಳೆಯುತ್ತಿರುತ್ತದೆ. ನಿಮ್ಮ ಅತ್ಯುತ್ತಮ ತುಂಡುಗಳೇ ಬಕೆಟ್ಟಿನ ಮೇಲೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಕಳೆದುಕೊಂಡವು. ಗುಡ್ಡೆಯ ಇದ್ದಲು ಏನಾಗುತ್ತದೆ ಎಂದು ಅಳೆಯುವ ಯಂತ್ರವೇ ಇಲ್ಲ. ಆದ್ದರಿಂದ ಅಂಕಿ ಕೇಳಬೇಡಿ, ಇದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಗೋಡೆ ಬೆವರಲು ಶುರುವಾದರೆ ಏನನ್ನೂ ಯೋಚಿಸದೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ. ಯಾರು ನಕ್ಕರೂ ಬನ್ನಿ.

ಹೊಸ ವರದಿಗೆ ಸಹಿ ಹಾಕುವುದಿಲ್ಲ ಎಂದೆ. ಪ್ರೊಫೆಸರು ಬಲವಂತ ಮಾಡಲಿಲ್ಲ. ಹಳೆಯ ವರದಿಗೇ ಹೊಸ ತಾರೀಖು ಹಾಕಿ ಕಳಿಸಿದರು. ನನ್ನ ಸಹಿ ಅದರಲ್ಲಿ ಮೊದಲೇ ಇದೆ. ಬೇಡ ಎನ್ನಲು ಇನ್ನು ನನ್ನ ಹತ್ತಿರ ಏನೂ ಉಳಿದಿಲ್ಲ.

ನೀವು ಪುಕ್ಕಲರಾಗಿದ್ದಾಗ ನನಗೆ ಎಷ್ಟು ಧೈರ್ಯವಿತ್ತು ಗೊತ್ತೇ? ಆಗ ಕನಿಷ್ಠ ಇಬ್ಬರಿದ್ದೆವು. ಈಗ ನೀವೂ ಆ ಕಡೆ ಹೋಗಿಬಿಟ್ಟಿರಿ. ಭಾವ, ನನಗೆ ಅಣ್ಣ ಇಲ್ಲ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವರು ನೀವು. ನಾನು ಓದಿದ್ದು ಒಂದೇ ಒಂದು ಕೆಲಸಕ್ಕೆ ಬರಬೇಕಿತ್ತು, ಅದಕ್ಕೂ ಬರುತ್ತಿಲ್ಲ. ಬೇರೇನೂ ಕೇಳುವುದಿಲ್ಲ, ಇಳಿಯಬೇಡಿ. ಅವರನ್ನೂ ಇಳಿಸಬೇಡಿ.

ನಿಮ್ಮ ನಾದಿನಿ

ಜೂನ್ 17

ಪುಡಿ ಪಂಡಿತೆಗೆ,

ಅವಸರದಲ್ಲಿ ಎರಡು ಸಾಲು. ಶಿಫ್ಟಿಗೆ ಇನ್ನೇನು ಗಂಟೆ ಹೊಡೆಯುತ್ತದೆ, ಗೊಣಗಣ್ಣ ಹೊರಗೆ ನಿಂತು ಕರೆಯುತ್ತಿದ್ದಾನೆ. ನಿನಗೆ ಅವನ ನಮಸ್ಕಾರ.

ಹೊಸ ವಿಭಾಗದ ಕೆಲಸ ಶುರುವಾಗಿ ನಾಲ್ಕು ದಿನವಾಯಿತು. ಚೆನ್ನಾಗಿ ನಡೆದಿದೆ. ಕೆಳಗೆ ವಿಪರೀತ ಸೆಕೆ; ನಿನ್ನೆಯಿಂದ ನಮಗಿಂತ ಹೆಚ್ಚಾಗಿ ಗೋಡೆಗಳೇ ಬೆವರುತ್ತಿವೆ. ಅವಕ್ಕೂ ಒಂದೊಂದು ಟವೆಲ್ಲು ಕೊಡಿಸಬೇಕು ಎಂದು ಗೊಣಗಣ್ಣ ಸ್ಟೋರಿಗೆ ಅರ್ಜಿ ಹಾಕುತ್ತಾನಂತೆ. ಇದ್ದಲು ಮಾತ್ರ ಎಷ್ಟು ಹೊಳೆಯುತ್ತದೆ ಗೊತ್ತೇ, ನೀನು ನೋಡಬೇಕಿತ್ತು.

ನಿನ್ನ ಕಾಗದ ಬಂದಿದೆ. ಬಹಳ ದಪ್ಪಗಿದೆ, ಇನ್ನೂ ಒಡೆದಿಲ್ಲ. ಭಾನುವಾರ ಕೂತು ನಿಧಾನವಾಗಿ ಓದುತ್ತೇನೆ.

ನಿನ್ನ ಭಾವ